ತಟ್ಟೆ ಖಾಲಿ ಹಿಂದಿರುಗದಿರಲಿ

(ಮಂಗಳೂರಿನಲ್ಲಿ ಶರಣ ಬಂಧುಗಳು ಸೇರಿದ್ದ ಚಿಂತನ ಸಭೆಯಲ್ಲಿ ‘ಮನೆಯಲ್ಲಿ ಮಾಡಿದ್ದನ್ನು ಹಂಚಿಕೊಳ್ಳುವುದು’ ಎಂಬ ವಿಷಯವಾಗಿ ನೀಡಿದ ಉಪನ್ಯಾಸದ ಬರಹ ರೂಪ)

 

ಇಂದು ನನಗೆ ಕೊಟ್ಟಿರುವ ವಿಷಯ ಮೇಲ್ನೋಟಕ್ಕೆ ಸಣ್ಣದು. ಮನೆಯಲ್ಲಿ ಕೈಯಾರೆ ಮಾಡಿದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು. ಅದು ಅಡುಗೆಮನೆಯಲ್ಲಿ ಸುಟ್ಟ ರೊಟ್ಟಿ ಇರಬಹುದು, ಒಲೆಯಲ್ಲಿ ಬೇಯಿಸಿದ ಕೇಕ್ ಇರಬಹುದು, ಹಿತ್ತಲಲ್ಲಿ ಕಟ್ಟಿಕೊಂಡ ನೀರಿನ ತೊಟ್ಟಿ ಇರಬಹುದು. ಅಧ್ಯಾತ್ಮದ ಸಭೆಯಲ್ಲಿ ಇದೇನು ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಶರಣರು ಅಡುಗೆಮನೆಯನ್ನೂ ಹಿತ್ತಲನ್ನೂ ಬಿಟ್ಟು ಅಧ್ಯಾತ್ಮವನ್ನು ಕಟ್ಟಲಿಲ್ಲ. ಹಗ್ಗ ಹೊಸೆದವರು, ಬುಟ್ಟಿ ಹೆಣೆದವರು, ನೂಲು ತೆಗೆದವರು, ಸೌದೆ ಹೊತ್ತವರು ಸೇರಿ ಕಟ್ಟಿದ ಧರ್ಮ ನಮ್ಮದು. ಕೈಯಿಂದ ಮಾಡಿದ್ದು ಕಾಯಕ, ಅದು ಇನ್ನೊಬ್ಬರಿಗೆ ಸಂದಾಗ ದಾಸೋಹ. ಈ ಎರಡು ಮಾತು ನಮಗೆಲ್ಲ ಬಾಯಿಪಾಠ. ಇವತ್ತು ಈ ಎರಡರ ಜೊತೆಗೆ ಮೂರನೆಯ ಒಂದು ಮಾತನ್ನು ಸೇರಿಸಬೇಕೆಂದಿದ್ದೇನೆ. ಕೊಡುವುದು ಮಾತ್ರ ದಾಸೋಹವಲ್ಲ, ಇನ್ನೊಬ್ಬರ ಕೈಯಿಂದ ಪಡೆಯುವುದೂ ದಾಸೋಹವೇ. ಮೊದಲಿನದಕ್ಕಿಂತ ಈ ಎರಡನೆಯದು ನಮಗೆ ಹೆಚ್ಚು ಕಷ್ಟವಾಗಿದೆ.

ಮಂಗಳೂರಿನ ಡಿಸೆಂಬರ್

ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಘಟ್ಟ ಇಳಿದು ಬಂದವರು. ಬ್ಯಾಂಕಿನ ಕೆಲಸಕ್ಕೆ, ಕಾಲೇಜಿನ ಪಾಠಕ್ಕೆ, ಆಸ್ಪತ್ರೆಗೆ, ಬಂದರಿಗೆ, ಕಟ್ಟಡದ ಕೆಲಸಕ್ಕೆ ಎಂದು ಬಂದು ಇಲ್ಲೇ ನೆಲೆ ನಿಂತವರು. ಹಾಗೆ ಬಂದವರಿಗೆ ಈ ಊರು ಕಲಿಸಿದ ಒಂದು ಪದ ‘ಕುಸ್ವಾರ್’.

ಡಿಸೆಂಬರ್ ಬಂತೆಂದರೆ ಬೆಂದೂರು, ಬಿಜೈ, ವೆಲೆನ್ಸಿಯಾ, ಕುಲಶೇಖರದ ಕೇರಿಗಳಲ್ಲಿ ಸಂಜೆಯ ಹೊತ್ತು ಎಣ್ಣೆ ಕಾದ ವಾಸನೆ, ತೆಂಗಿನಕಾಯಿ ಹುರಿದ ವಾಸನೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ತಯಾರಾಗುತ್ತದೆ. ಇದು ಒಂದೇ ತಿಂಡಿಯ ಹೆಸರಲ್ಲ, ಹಲವು ತಿಂಡಿಗಳ ಒಟ್ಟು ಹೆಸರು. ಎಳ್ಳು, ಕಾಯಿ, ಸಕ್ಕರೆ ತುಂಬಿ ಅರ್ಧಚಂದ್ರದಂತೆ ಮಡಚಿ ಕರಿದದ್ದು ನೆವ್ರಿ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕ ಹಿಡಿಸಿದರೆ ಅದು ಕಿಡ್ಯೊ. ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳುಗಳು. ಮಕ್ಕಳಿಗೆ ಆ ಹೆಸರು ಕೇಳಿದರೇ ಖುಷಿ. ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸಿದರೆ ಗುಲಾಬಿಯಂತೆ ಅರಳುವುದು ಕೊಕ್ಕಿಸಾಂ. ಇವುಗಳ ಜೊತೆ ಗುಳಿಯೊ, ತುಕ್ಡಿ, ಚಕ್ಕುಲಿ, ಹುರಿದಕ್ಕಿಯ ಲಾಡು, ಒಣಹಣ್ಣು ಹಾಕಿದ ಕೇಕ್.

ಇವು ಒಬ್ಬರ ಕೈಯಲ್ಲಿ ಒಂದು ದಿನದಲ್ಲಿ ಆಗುವ ಕೆಲಸಗಳಲ್ಲ. ಕೇಕಿಗೆ ಹಾಕುವ ಹಣ್ಣನ್ನು ವಾರಗಳ ಮೊದಲೇ ನೆನೆಹಾಕಬೇಕು. ಕಿಡ್ಯೊ ಒತ್ತಲು ಮನೆಯವರೆಲ್ಲ ಮೇಜಿನ ಸುತ್ತ ಕೂರಬೇಕು. ಎಲ್ಲರ ಮನೆಯಲ್ಲೂ ಓವನ್ ಇಲ್ಲದ ಕಾಲದಲ್ಲಿ ಮನೆಯಲ್ಲಿ ಕಲಸಿದ ಕೇಕಿನ ಹಿಟ್ಟನ್ನು ಹತ್ತಿರದ ಬೇಕರಿಯ ಸೌದೆ ಒಲೆಗೆ ಕೊಂಡೊಯ್ದು ಬೇಯಿಸಿಕೊಂಡು ಬರುತ್ತಿದ್ದರು.

ಇಷ್ಟೆಲ್ಲ ಶ್ರಮಪಟ್ಟು ಮಾಡಿದ್ದನ್ನು ಏನು ಮಾಡುತ್ತಾರೆ? ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಕಸೂತಿ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಕೊಟ್ಟು ನೆರೆಮನೆಗೆ ಕಳಿಸುತ್ತಾರೆ. ಆ ನೆರೆಮನೆ ಕ್ರೈಸ್ತರದೇ ಆಗಬೇಕಿಲ್ಲ. ಬಂಟರ ಮನೆ, ಬಿಲ್ಲವರ ಮನೆ, ಬ್ಯಾರಿಗಳ ಮನೆ, ಕೊಂಕಣಿ ಬ್ರಾಹ್ಮಣರ ಮನೆ, ನಮ್ಮ ಮನೆ. ಹಬ್ಬ ಅವರದು, ಸಿಹಿ ಕೇರಿಯದು.

ಒಮ್ಮೆ ಆ ತಟ್ಟೆಯನ್ನು ಗಮನವಿಟ್ಟು ನೋಡಿ. ನೆವ್ರಿ ಎಂದು ಅವರು ಕೊಟ್ಟದ್ದು ನಮ್ಮ ಕರ್ಚಿಕಾಯಿಯೇ. ತುಕ್ಡಿ ಎಂದರೆ ನಮ್ಮ ಶಂಕರಪೋಳಿಯೇ. ಚಕ್ಕುಲಿಗೆ ಹೆಸರೂ ಬೇರೆಯಿಲ್ಲ. ಪರರ ಹಬ್ಬದ ತಿಂಡಿ ಎಂದು ನಾವು ಕೈಗೆ ತೆಗೆದುಕೊಂಡದ್ದರಲ್ಲಿ ಅರ್ಧಕ್ಕರ್ಧ ನಮ್ಮ ಅವ್ವಂದಿರು ನಾಗರಪಂಚಮಿಗೂ ದೀಪಾವಳಿಗೂ ಕರಿದು ಡಬ್ಬಿ ತುಂಬಿಡುತ್ತಿದ್ದ ತಿಂಡಿಗಳೇ. ಧರ್ಮಗಳ ನಡುವೆ ಎಷ್ಟು ಅಂತರವಿದೆ ಎಂದು ಭಾಷಣ ಮಾಡುವವರು ಒಮ್ಮೆ ಈ ತಟ್ಟೆಯನ್ನು ನೋಡಬೇಕು.

ಶರಣರ ಕೈಕೆಲಸ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹರಳಯ್ಯ ಮತ್ತು ಕಲ್ಯಾಣಮ್ಮನವರ ಕಥೆ ನಿಮಗೆ ಗೊತ್ತು. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ ಒಮ್ಮೆ ಶರಣು ಎಂದರೆ, ಬಸವಣ್ಣನವರು ಎರಡು ಬಾರಿ ಶರಣು ಶರಣಾರ್ಥಿ ಎಂದರು. ಆ ಹೆಚ್ಚಿನ ಶರಣಿನ ಭಾರವನ್ನು ತೀರಿಸುವುದು ಹೇಗೆಂದು ದಂಪತಿ ಚಿಂತಿಸಿದರು. ಅವರು ಪೇಟೆಗೆ ಹೋಗಿ ಏನನ್ನೂ ಕೊಂಡು ತರಲಿಲ್ಲ. ತಮಗೆ ಗೊತ್ತಿದ್ದ ಕೆಲಸದಿಂದಲೇ, ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು. ಕಥೆಯ ಈ ಭಾಗವನ್ನು ನಾವು ಕಣ್ಣೀರು ತುಂಬಿ ಹೇಳುತ್ತೇವೆ. ಮುಂದಿನ ಭಾಗವೂ ಅಷ್ಟೇ ಮುಖ್ಯ. ಬಸವಣ್ಣನವರು ಅದನ್ನು ಕೈಯಲ್ಲಿ ಸ್ವೀಕರಿಸಿದರು. ಚರ್ಮದ ಕೆಲಸದವನ ಕೈಯಿಂದ ಬಂದ ವಸ್ತುವನ್ನು ತಲೆಯ ಮೇಲೆ ಹೊತ್ತರು. ತಮ್ಮ ಕಾಲಿಗೆ ಅದನ್ನು ಮೆಟ್ಟುವ ಯೋಗ್ಯತೆಯಿಲ್ಲ ಎಂದರು. ಆ ಕಾಲದಲ್ಲಿ ಒಬ್ಬ ಪ್ರಧಾನಿ ಒಬ್ಬ ಸಮಗಾರನ ಮನೆಯ ಕೆಲಸವನ್ನು ಹೀಗೆ ಪಡೆದದ್ದು ಸಣ್ಣ ಸಂಗತಿಯೇ?

ಸಂಬೋಳಿ ನಾಗಿದೇವರ ಕಥೆಯೂ ಇದೇ ದಾರಿಯದು. ಕೀಳು ಎಂದು ಊರು ದೂರವಿಟ್ಟ ಕುಲದವರ ಮನೆಗೆ ಬಸವಣ್ಣನವರು ಹೋಗಿ ಪ್ರಸಾದ ಸ್ವೀಕರಿಸಿದರು. ಅದಕ್ಕಾಗಿ ಬಿಜ್ಜಳನ ಆಸ್ಥಾನಕ್ಕೆ ದೂರು ಹೋಯಿತು ಎಂದು ಬಸವ ಪುರಾಣದ ಪರಂಪರೆ ಹೇಳುತ್ತದೆ. ದೂರು ಏನೆಂದು ಗಮನಿಸಿ. ಅವರಿಗೆ ಊಟ ಹಾಕಿದರು ಎಂಬುದು ದೂರಲ್ಲ, ಅವರ ಮನೆಯಲ್ಲಿ ಊಟ ಮಾಡಿದರು ಎಂಬುದು ದೂರು. ಕೊಡುವುದನ್ನು ಮೇಲಿನವರು ಯಾವತ್ತೂ ತಡೆದಿರಲಿಲ್ಲ. ದಾನ ಕೊಟ್ಟರೆ ಕೈ ಮೇಲೆಯೇ ಇರುತ್ತದೆ. ಪಡೆಯಲು ಕೈ ಚಾಚಿದಾಗ ಮಾತ್ರ ಎರಡು ಕೈಗಳು ಸಮವಾಗುತ್ತವೆ. ಹಾಗೆ ಸಮವಾದದ್ದೇ ಕಲ್ಯಾಣದಲ್ಲಿ ಬೆಂಕಿ ಎಬ್ಬಿಸಿತು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದರು. ದಾಸೋಹ ಮಾಡಲು ಉಗ್ರಾಣ ತುಂಬಿರಬೇಕು ಎಂಬ ನೆಪವನ್ನು ಆ ತಾಯಿ ಎಂಟುನೂರು ವರ್ಷಗಳ ಹಿಂದೆಯೇ ನಮ್ಮಿಂದ ಕಿತ್ತುಕೊಂಡರು. ಹಂಚಲು ಬೇಕಾದದ್ದು ಹೆಚ್ಚುವರಿ ಅಲ್ಲ. ಇದ್ದದ್ದರಲ್ಲಿ ಒಂದು ಪಾಲು, ಅದೂ ನಮ್ಮ ಕೈಯ ಕೆಲಸದ ಪಾಲು.

ರೊಟ್ಟಿಯ ಜಾತ್ರೆ

ಇದು ಹನ್ನೆರಡನೆಯ ಶತಮಾನದಲ್ಲೇ ಮುಗಿದುಹೋದ ಕಥೆಯಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅಲ್ಲಿಯ ಮಹಾದಾಸೋಹಕ್ಕೆ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಅವನ್ನು ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಯ ಒಲೆಯ ಮುಂದೆ ಕುಳಿತು ಬಡಿದು, ಒಣಗಿಸಿ, ಗಂಟು ಕಟ್ಟಿ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಕಳಿಸುತ್ತಾರೆ. ಬಂದ ರೊಟ್ಟಿಗಳೆಲ್ಲ ಒಂದು ರಾಶಿಯಾಗುತ್ತವೆ. ಯಾವ ರೊಟ್ಟಿ ಯಾರ ಮನೆಯದು, ಯಾವ ಜಾತಿಯವರ ಕೈಯದು ಎಂದು ಆಮೇಲೆ ಯಾರೂ ಹೇಳಲಾರರು.

ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಸಮಯದಲ್ಲಿ ನಡೆಯುವ ರೊಟ್ಟಿ ಜಾತ್ರೆ ಇದನ್ನೇ ಉದ್ದೇಶಪೂರ್ವಕವಾಗಿ ಮಾಡುತ್ತದೆ. 2018ರಲ್ಲಿ ಲಿಂಗೈಕ್ಯರಾದ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಆಶಯ ಅಲ್ಲಿ ಕಾಣುತ್ತದೆ. ಎಲ್ಲ ಜಾತಿ, ಎಲ್ಲ ಧರ್ಮದವರು ಒಂದೇ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿ, ಭಜ್ಜಿ, ಕರಿಂಡಿ ಉಣ್ಣುತ್ತಾರೆ. ಸಹಪಂಕ್ತಿ ಭೋಜನ ಎಂಬ ದೊಡ್ಡ ಮಾತನ್ನು ಸ್ವಾಮಿಗಳು ಒಂದು ರೊಟ್ಟಿಯಷ್ಟು ಸರಳ ಮಾಡಿದರು.

ಹೀಗೆ ನೋಡಿದರೆ ಡಂಬಳದ ರೊಟ್ಟಿಗೂ ಬೆಂದೂರಿನ ಕುಸ್ವಾರಿಗೂ ನಡುವೆ ಹೆಚ್ಚು ದೂರವಿಲ್ಲ. ಒಂದು ಮಠದ ಅಂಗಳದಲ್ಲಿ ನಡೆಯುತ್ತದೆ, ಇನ್ನೊಂದು ಕಾಂಪೌಂಡ್ ಗೋಡೆಯ ಮೇಲೆ ನಡೆಯುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಜಾತ್ರೆಯಲ್ಲಿ ಸಾವಿರಾರು ಜನರ ನಡುವೆ ಯಾರ ಕೈಯ ರೊಟ್ಟಿ ಎಂಬುದು ಗೊತ್ತಾಗುವುದಿಲ್ಲ, ಹಾಗಾಗಿ ಉಣ್ಣುವುದು ಸುಲಭ. ಮನೆ ಬಾಗಿಲಿಗೆ ಬಂದ ತಟ್ಟೆಯ ಹಿಂದಿನ ಕೈ ಮತ್ತು ಮುಖ ಎರಡೂ ಎದುರಿಗೇ ನಿಂತಿರುತ್ತವೆ. ನಿಜವಾದ ಪರೀಕ್ಷೆ ಅಲ್ಲಿದೆ.

ಬಾಗಿಲಲ್ಲಿ ಪಡೆದು ಒಳಗೆ ಏನು ಮಾಡುತ್ತೇವೆ?

ಈ ಮಾತನ್ನು ನಮ್ಮೊಳಗೇ ಸ್ಪಷ್ಟವಾಗಿ ಆಡಿಕೊಳ್ಳಬೇಕು. ಹಬ್ಬದ ತಟ್ಟೆಯನ್ನು ನಗುನಗುತ್ತ ಪಡೆದು, ಬಾಗಿಲು ಹಾಕಿದ ಮೇಲೆ ಕೆಲಸದವರಿಗೆ ದಾಟಿಸುವ ಮನೆಗಳನ್ನು ನಾನು ನೋಡಿದ್ದೇನೆ. ಕೇಳಿದರೆ ‘ಅವರು ಮಾಡಿದ್ದು ನಮಗಾಗುವುದಿಲ್ಲ’ ಎನ್ನುತ್ತಾರೆ. ಹಾಗಾದರೆ ಕೆಲಸದವರಿಗೆ ಆಗುತ್ತದೆಯೇ? ಒಂದೇ ಏಟಿಗೆ ಇಬ್ಬರನ್ನು ಕೆಳಗಿಟ್ಟಂತಾಯಿತು, ಕೊಟ್ಟವರನ್ನೂ ದಾಟಿಸಿಕೊಂಡವರನ್ನೂ.

ಇಲ್ಲಿ ಒಂದು ನ್ಯಾಯವಾದ ತೊಡಕು ಇದೆ. ನಮ್ಮಲ್ಲಿ ಬಹಳಷ್ಟು ಮನೆಗಳು ಮೊಟ್ಟೆಯನ್ನೂ ಮುಟ್ಟದ ಶಾಕಾಹಾರಿಗಳು. ಕೇಕಿನಲ್ಲಿ, ಮಾಕರೂನಿನಲ್ಲಿ ಮೊಟ್ಟೆ ಇರುತ್ತದೆ. ಕೆಲವರ ಕೊಕ್ಕಿಸಾಂನಲ್ಲೂ ಕಿಡ್ಯೊದಲ್ಲೂ ಇರುತ್ತದೆ. ಇದಕ್ಕೆ ಕದ್ದುಮುಚ್ಚಿ ದಾಟಿಸುವುದು ಪರಿಹಾರವಲ್ಲ, ಬಾಯಿಬಿಟ್ಟು ಕೇಳುವುದು ಪರಿಹಾರ. ‘ನಾವು ಮೊಟ್ಟೆ ತಿನ್ನುವುದಿಲ್ಲ, ಇದರಲ್ಲಿ ಯಾವುದರಲ್ಲಿ ಇಲ್ಲ?’ ಎಂದು ಕೇಳಿದರೆ ಮಂಗಳೂರಿನ ಯಾವ ತಾಯಿಯೂ ಬೇಸರ ಮಾಡಿಕೊಳ್ಳುವುದಿಲ್ಲ. ಹಲವು ಮನೆಗಳಲ್ಲಿ ಶಾಕಾಹಾರಿ ನೆರೆಯವರಿಗೆಂದೇ ನೆವ್ರಿ, ಚಕ್ಕುಲಿ, ಲಾಡು, ತುಕ್ಡಿ ಬೇರೆ ತಟ್ಟೆಯಲ್ಲಿ ತೆಗೆದಿಡುವುದುಂಟು. ನಮ್ಮ ಆಹಾರದ ನಿಯಮ ನಮ್ಮದು, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮೊಟ್ಟೆ ಬೇಡ ಎನ್ನುವುದು ಬೇರೆ, ಆ ಕೈ ಬೇಡ ಎನ್ನುವುದು ಬೇರೆ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಬಚ್ಚಿಡಬಾರದು, ಅಷ್ಟೆ.

ಇನ್ನೊಂದು ಕೈಯ ಮಾತೂ ಇದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ದುಡಿಯಲು ಬಂದ ಸಾವಿರಾರು ಜನ ಈ ನಗರದಲ್ಲಿದ್ದಾರೆ. ಇಲ್ಲಿನ ಬಹುಮಹಡಿ ಕಟ್ಟಡಗಳ ಕಲ್ಲು, ಸಿಮೆಂಟು ಹೊತ್ತದ್ದು ಅವರ ಹೆಗಲು. ಬೆಳಿಗ್ಗೆ ಕೆಲಸಕ್ಕೆ ಕರೆಯುವವರಿಗಾಗಿ ವೃತ್ತಗಳಲ್ಲಿ ಕಾದು ನಿಲ್ಲುವವರು ಅವರೇ. ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ಆ ತಾಯಂದಿರು ಬಡಿಯುವ ರೊಟ್ಟಿಯ ಸದ್ದು ನಮಗೆ ಪರಿಚಿತ ಸದ್ದು. ನಾವು ಅವರಿಗೆ ಹಳೆಯ ಬಟ್ಟೆ ಕೊಡುತ್ತೇವೆ, ಬಸವ ಜಯಂತಿಗೆ ಪ್ರಸಾದ ಹಂಚುತ್ತೇವೆ. ಅವರು ಬಡಿದ ರೊಟ್ಟಿಯನ್ನು ಅವರ ಶೆಡ್ಡಿನಲ್ಲಿ ಕುಳಿತು ಉಂಡವರು ನಮ್ಮಲ್ಲಿ ಎಷ್ಟು ಜನ? ನಾಗಿದೇವರ ಮನೆ ಕಲ್ಯಾಣದಲ್ಲಿ ಮಾತ್ರ ಇಲ್ಲ, ಮಂಗಳೂರಿನಲ್ಲೂ ಇದೆ.

ಮಾಡುವ ಬಗೆಯನ್ನೂ ಹಂಚಬೇಕು

ಇಲ್ಲಿಯವರೆಗೆ ವಸ್ತುವನ್ನು ಹಂಚುವ ಮಾತಾಯಿತು. ಅದನ್ನು ಮಾಡುವ ಬಗೆಯನ್ನು ಹಂಚುವುದು ಇದರ ಮುಂದಿನ ಹೆಜ್ಜೆ. ರೊಟ್ಟಿ ಕೊಟ್ಟರೆ ಒಂದು ಹೊತ್ತಿನ ಹಸಿವು ಹೋಗುತ್ತದೆ, ರೊಟ್ಟಿ ಬಡಿಯುವುದನ್ನು ಹೇಳಿಕೊಟ್ಟರೆ ಇನ್ನೊಂದು ಮನೆಯ ಒಲೆ ಹೊತ್ತುತ್ತದೆ. ಶರಣರು ತಮ್ಮ ಅನುಭವವನ್ನು ಸಂಸ್ಕೃತದ ಬೀಗ ಹಾಕಿ ಇಡದೆ ಕನ್ನಡದಲ್ಲಿ ಎಲ್ಲರಿಗೂ ತೆರೆದಿಟ್ಟದ್ದು ಇದೇ ಕಾರಣಕ್ಕೆ.

ನಮ್ಮ ಜಿಲ್ಲೆಯ ಪುತ್ತೂರಿನಲ್ಲಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಎಂಬ ಮಾಸಿಕ ಆರಂಭವಾಯಿತು. ಕೃಷಿಕರ ಕೈಗೆ ಲೇಖನಿ ಎಂಬುದು ಅದರ ಧ್ಯೇಯ. ಗಡಿಯಾಚೆಯ ಕಾಸರಗೋಡಿನ ಪಡ್ರೆ ಊರಿನ ಶ್ರೀಪಡ್ರೆಯವರು ಅದನ್ನು ಮುನ್ನಡೆಸಿದರು. ಕೃಷಿಕರಿಗೆ ಮೇಲಿನಿಂದ ಉಪದೇಶ ಮಾಡುವ ಬದಲು, ಒಬ್ಬ ಕೃಷಿಕ ತನ್ನ ತೋಟದಲ್ಲಿ, ಹಿತ್ತಲಲ್ಲಿ ಮಾಡಿ ನೋಡಿದ್ದನ್ನು ಇನ್ನೊಬ್ಬ ಕೃಷಿಕನಿಗೆ ತಾನೇ ಹೇಳುವಂತೆ ಮಾಡಿದ್ದು ಆ ಪತ್ರಿಕೆಯ ವಿಶೇಷ. ನೀರು ಇಂಗಿಸುವ ಹೊಂಡ, ಮನೆಯಲ್ಲೇ ಮಾಡಿಕೊಂಡ ಉಪಕರಣ, ಹಲಸಿನ ಬಗೆಬಗೆಯ ಅಡುಗೆ, ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು.

2021ರ ಲಾಕ್‌ಡೌನ್ ಸಮಯವನ್ನು ನೆನಪಿಸಿಕೊಳ್ಳಿ. ಬಾಳೆ ಕೇಳುವವರಿರಲಿಲ್ಲ, ಗೊನೆಗಳು ತೋಟದಲ್ಲೇ ಕೊಳೆಯುತ್ತಿದ್ದವು. ಆಗ ಬಾಳೆಕಾಯಿ ಹುಡಿ, ಮೂರು ಮಾತಿನ ಮೊದಲಕ್ಷರ ಸೇರಿಸಿ ‘ಬಾಕಾಹು’, ಮನೆಮಾತಾಯಿತು. ಬಲಿತ ಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡುವುದು, ಅಷ್ಟೇ ವಿದ್ಯೆ. ತುಮಕೂರು ಜಿಲ್ಲೆಯ ಒಬ್ಬ ಗೃಹಿಣಿ ಮಾಡಿ ನೋಡಿದ್ದನ್ನು ಅಡಿಕೆ ಪತ್ರಿಕೆಯ ವಾಟ್ಸಾಪ್ ಬಳಗದ ಮೂಲಕ ಉತ್ತರ ಕನ್ನಡದ, ಶಿವಮೊಗ್ಗದ, ದಕ್ಷಿಣ ಕನ್ನಡದ ತಾಯಂದಿರು ಕಲಿತರು. ಒಬ್ಬರು ರೊಟ್ಟಿ ಮಾಡಿ ತೋರಿಸಿದರು, ಇನ್ನೊಬ್ಬರು ದೋಸೆ ಮಾಡಿದರು, ಮತ್ತೊಬ್ಬರು ಸಿಹಿ ಮಾಡಿದರು. ಯಾರೂ ಇದು ನನ್ನ ಗುಟ್ಟು ಎನ್ನಲಿಲ್ಲ. ಗುಟ್ಟು ಎಂದು ಬಚ್ಚಿಟ್ಟಿದ್ದರೆ ಅದು ಒಂದು ಅಡುಗೆಮನೆಯಲ್ಲೇ ಮುಗಿಯುತ್ತಿತ್ತು.

ನೀರಿನ ವಿಷಯದಲ್ಲೂ ಹೀಗೇ ಆಯಿತು. ಇಷ್ಟು ಮಳೆ ಸುರಿಯುವ ಮಂಗಳೂರಿಗೆ 2019ರ ಬೇಸಿಗೆಯಲ್ಲಿ ನೀರಿಲ್ಲ. ನೇತ್ರಾವತಿಯ ತುಂಬೆ ಅಣೆಕಟ್ಟೆಯಲ್ಲಿ ಮಟ್ಟ ಇಳಿದು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆ ವರ್ಷ ‘ಉದಯವಾಣಿ’ ಪತ್ರಿಕೆ ಮನೆಮನೆಗೆ ಮಳೆಕೊಯ್ಲು ಎಂಬ ಅಭಿಯಾನ ನಡೆಸಿತು. ಮಾಡಿನ ನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ, ಬಾವಿಗೆ ಬಿಡುವ ಸರಳ ಏರ್ಪಾಟು. ಮಾಡಿಕೊಂಡವರು ತಮ್ಮ ಮನೆಯ ಏರ್ಪಾಟನ್ನು ಪತ್ರಿಕೆಯ ಮೂಲಕ ಇತರರಿಗೆ ತೋರಿಸಿದರು. ಪಕ್ಕದ ಮನೆಯವರು ಬಂದು ನೋಡಿ, ಅಳತೆ ತೆಗೆದುಕೊಂಡು ಹೋಗಿ ತಾವೂ ಮಾಡಿದರು. ಮೊದಲ ಮನೆಯವರು ಮಾಡಿದ ದಾಸೋಹ ಆ ಡ್ರಮ್ಮಿನಲ್ಲಿಲ್ಲ, ಬಾಗಿಲು ತೆರೆದು ಅಳತೆ ಹೇಳಿದ್ದರಲ್ಲಿದೆ. ಮೇಲಾಗಿ ಒಬ್ಬರ ಹಿತ್ತಲಲ್ಲಿ ಇಂಗಿದ ನೀರು ಗೋಡೆ ನೋಡಿ ನಿಲ್ಲುವುದಿಲ್ಲ. ಅದು ನೆಲದೊಳಗೆ ನೆರೆಯವರ ಬಾವಿಗೂ ಹೋಗುತ್ತದೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರನ್ನು ಇಲ್ಲಿ ನೆನೆಯಬೇಕು. ಅಡಿಕೆ, ತೆಂಗಿನ ಮರ ಏರುವ ಕೂಲಿ ಅವರದು. ಬೋಳು ಗುಡ್ಡದ ಇಳಿಜಾರಿನ ಎರಡು ಎಕರೆ ಸಿಕ್ಕಿತು, ನೀರಿರಲಿಲ್ಲ. ದಿನದ ಕೂಲಿ ಮುಗಿಸಿ ಬಂದು ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಂದಲ್ಲ ಎರಡಲ್ಲ, ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ದೊಡ್ಡದು, ಆದರೆ ಐದು ಒಣ ಸುರಂಗಗಳ ಕಥೆ ಅದಕ್ಕಿಂತ ದೊಡ್ಡದು. ನಾವು ಹಂಚಿಕೊಳ್ಳುವಾಗ ಸೊಗಸಾಗಿ ಉಬ್ಬಿದ ಕೇಕನ್ನು ಮಾತ್ರ ತೋರಿಸುತ್ತೇವೆ. ಸೀದುಹೋದ ಕೇಕಿನಲ್ಲಿ, ನೀರು ಸಿಗದ ಸುರಂಗದಲ್ಲಿ ಕಲಿಯುವುದು ಹೆಚ್ಚಿದೆ. ಅದನ್ನೂ ಹೇಳಿಕೊಂಡಾಗ ಮುಂದಿನವರ ಶ್ರಮ ಉಳಿಯುತ್ತದೆ.

ಮಾರಾಟವೂ ಕಾಯಕವೇ

ಒಂದು ಪ್ರಶ್ನೆ ಬರುತ್ತದೆ. ಈಗ ಕುಸ್ವಾರನ್ನು ಮನೆಯಲ್ಲಿ ಮಾಡುವವರು ಕಡಿಮೆಯಾಗಿ, ಹಣ ಕೊಟ್ಟು ತರಿಸುವವರು ಹೆಚ್ಚಾಗುತ್ತಿದ್ದಾರೆ. ನಮ್ಮಲ್ಲೂ ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಇದು ಸಂಪ್ರದಾಯದ ಅವನತಿಯೇ?

ನಾನು ಹಾಗೆ ತಿಳಿಯುವುದಿಲ್ಲ. ಆ ಪ್ಯಾಕೆಟ್ಟಿನ ಹಿಂದೆ ಬಹಳ ಸಲ ಒಬ್ಬ ತಾಯಿ ಇದ್ದಾಳೆ. ಡಿಸೆಂಬರಿನ ಮೂರು ವಾರ ನಿದ್ದೆಗೆಟ್ಟು ಕರಿದು ಮಾರಿದ ಹಣದಲ್ಲಿ ಮಕ್ಕಳ ಶುಲ್ಕ ಕಟ್ಟುವವಳು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮನೆ ನಡೆಸುವವಳು. ಅದು ಅಪ್ಪಟ ಕಾಯಕ. ಅವಳ ಬಳಿ ಚೌಕಾಸಿ ಮಾಡದೆ ಕೊಳ್ಳುವುದು ನಮ್ಮ ಪಾಲಿನ ಧರ್ಮ. ಮಾರುವ ತಾಯಂದಿರಿಗೂ ಒಂದು ಮಾತು. ಎಣ್ಣೆ ಹಳೆಯದಾಗಿರಬಾರದು, ತೂಕ ಕಡಿಮೆಯಿರಬಾರದು, ಮೊಟ್ಟೆ ಇದ್ದರೆ ಇದೆ ಎಂದು ಬರೆದಿರಬೇಕು. ಆಹಾರ ಸುರಕ್ಷತೆಯ 2011ರ ನಿಯಮಗಳು ಮನೆಯಲ್ಲಿ ತಯಾರಿಸಿ ಮಾರುವವರಿಗೂ ನೋಂದಣಿಯನ್ನು ಹೇಳಿವೆ. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ ಅವು ಆಗ ಗೊತ್ತುಮಾಡಿದ ಶುಲ್ಕ ವರ್ಷಕ್ಕೆ 100 ರೂಪಾಯಿ ಆಗಿತ್ತು. ಇದಕ್ಕೆ ಹೆದರುವುದು ಬೇಡ. ಕಾಯಕ ಶುದ್ಧವಾಗಿರಬೇಕು ಎಂದು ಶರಣರು ಹೇಳಿದ್ದನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳುತ್ತಿದೆ.

ಮನೆಯಲ್ಲಿ ಮಾಡಿದ್ದು ಎಂದು ನಾವು ಹೆಮ್ಮೆಯಿಂದ ಹೇಳುವಾಗ ಮಾಡಿದವರು ಯಾರು ಎಂದೂ ಕೇಳಿಕೊಳ್ಳಬೇಕು. ಹಂಚುವ ಸಂತೋಷ ಇಡೀ ಮನೆಯದು, ಬೆನ್ನುನೋವು ಒಬ್ಬಳದು ಎಂದಾದರೆ ಅದು ದಾಸೋಹವಲ್ಲ. ಲಕ್ಕಮ್ಮ ಮಾರಯ್ಯ, ಕಲ್ಯಾಣಮ್ಮ ಹರಳಯ್ಯ ಎಂದು ನಾವು ಜೋಡಿಯಾಗಿ ಹೆಸರು ಹೇಳುವುದು ಸುಮ್ಮನೆ ಅಲ್ಲ. ಹಿಟ್ಟು ನಾದುವುದು, ಬಾಣಲೆ ತೊಳೆಯುವುದು ಗಂಡಸರಿಗೂ ಬರಬೇಕಾದ ವಿದ್ಯೆಗಳು.

ನಾವು ಮಾಡಬಹುದಾದದ್ದು

ಕೊನೆಯದಾಗಿ ಈ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ನಮ್ಮ ಮಾಸಿಕ ಪ್ರಾರ್ಥನಾ ಸಭೆಯ ಪ್ರಸಾದವನ್ನು ಗುತ್ತಿಗೆಗೆ ಕೊಡುವುದು ಬೇಡ. ಪ್ರತಿ ಮನೆಯಿಂದ ಕೈಯಾರೆ ಮಾಡಿದ ಒಂದು ವಸ್ತು ಬರಲಿ. ಅಡುಗೆಯೇ ಆಗಬೇಕೆಂದಿಲ್ಲ. ತಾರಸಿಯಲ್ಲಿ ಬೆಳೆದ ಸೊಪ್ಪಿರಬಹುದು, ಸಸಿಯಿರಬಹುದು, ಹೊಲಿದ ಬಟ್ಟೆಯ ಚೀಲವಿರಬಹುದು, ಮಗ ಹಲಗೆ ಜೋಡಿಸಿ ಮಾಡಿದ ಪುಸ್ತಕದ ಗೂಡಿರಬಹುದು. ತಂದವರು ಐದು ನಿಮಿಷ ಅದನ್ನು ಮಾಡಿದ ಬಗೆ ಹೇಳಲಿ, ಎಡವಿದ್ದೆಲ್ಲಿ ಎಂಬುದನ್ನೂ ಹೇಳಲಿ. ಮಕ್ಕಳು ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಇಸಿದೋರ್ ಕೊವೆಲ್ಹೊ ಎಂಬ ಮಂಗಳೂರಿನವರು ಈ ನೆಲದ ಅಡುಗೆಗಳನ್ನು ಬರೆದಿಟ್ಟದ್ದರಿಂದ ಎಷ್ಟೋ ಮನೆಗಳ ಹೊಸ ಸೊಸೆಯಂದಿರು ಅದನ್ನು ನೋಡಿ ಕಲಿತರು. ನಮ್ಮ ಅವ್ವಂದಿರ ಮಾದಲಿ, ಕರಿಂಡಿ, ಗುರೆಳ್ಳು ಹಿಂಡಿ ಅವರ ಜೊತೆಗೇ ಹೋಗಿಬಿಡಬಾರದು.

ಎರಡನೆಯದು, ವರ್ಷಕ್ಕೆ ಒಂದು ಸಲವಾದರೂ ನಾವು ದುಡಿಯುವ ಬಂಧುಗಳ ಶೆಡ್ಡಿಗೆ ಹೋಗಿ ಅವರ ಕೈಯ ರೊಟ್ಟಿ ಉಣ್ಣೋಣ. ಜೋಳದ ಹಿಟ್ಟು ನಾವು ಒಯ್ಯಬಹುದು, ಸೌದೆ ನಾವು ಒಡೆಯಬಹುದು, ಬಡಿಯುವವರ ಪಕ್ಕದಲ್ಲಿ ಕುಳಿತು ಸುಡಬಹುದು. ಫೋಟೋ ತೆಗೆಯುವುದು ಮಾತ್ರ ಬೇಡ.

ಮೂರನೆಯದು ಬಹಳ ಸುಲಭ. ನಮ್ಮ ಕಡೆ ಒಂದು ರೂಢಿಯಿದೆ. ನೆರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಡಿಸೆಂಬರಿನಲ್ಲಿ ಕುಸ್ವಾರಿನ ತಟ್ಟೆ ಬರುತ್ತದೆ. ಮೂರು ವಾರ ಕಳೆದರೆ ಸಂಕ್ರಾಂತಿ. ಪಂಚಾಂಗ ನೋಡದವರೂ ನಮ್ಮಲ್ಲಿ ಎಳ್ಳು ಬೆಲ್ಲ ಹಂಚುತ್ತಾರೆ. ಕುಸುರೆಳ್ಳು ಮಾಡಿದ್ದು ಹಿರಿಯ ತಾಯಂದಿರಿಗೆ ನೆನಪಿರಬೇಕು. ಹದವಾದ ಕೆಂಡದ ಮೇಲೆ ಅಗಲ ತಟ್ಟೆಯಿಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಕೈಯಿಂದ ಆಡಿಸುತ್ತ ಕೂರಬೇಕು. ದಿನಗಟ್ಟಲೆ ತಾಳ್ಮೆಯಿಂದ ಮಾಡಿದ ಮೇಲೆ ಒಂದೊಂದು ಎಳ್ಳಿಗೂ ಬಿಳಿಯ ಮುಳ್ಳು ಮೂಡುತ್ತದೆ. ಕಿಡ್ಯೊ ಒತ್ತುವ ಕೈಗೆ ಈ ಕೆಲಸದ ಬೆಲೆ ಹೇಳಿಕೊಡಬೇಕಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಈ ಸಲ ನಿಮ್ಮ ಮನೆಗೆ ಬಂದ ಕುಸ್ವಾರಿನ ತಟ್ಟೆಯನ್ನು ತೊಳೆದು ಎತ್ತಿಡಿ. ಅದರಲ್ಲಿದ್ದ ತಿಂಡಿಯನ್ನು ನೀವೇ ತಿನ್ನಿ, ಮಕ್ಕಳಿಗೆ ಅದರ ಹೆಸರು ಹೇಳಿಕೊಡಿ. ಜನವರಿ ಬಂದಾಗ ಅದೇ ತಟ್ಟೆಯಲ್ಲಿ ಕುಸುರೆಳ್ಳು ತುಂಬಿ, ನೀವೇ ಹೋಗಿ ಕೊಟ್ಟು ಬನ್ನಿ. ಅವರು ಮಾಡುವುದು ಹೇಗೆಂದು ಕೇಳಿದರೆ ಕುಳಿತು ಹೇಳಿಕೊಡಿ.